ಏಳು ಮೊಳದ ಸೀರೆ

ಪೆಟ್ಟಿಗೆಯ ಬೀಗದ ಕೈ ಕಳೆದುಹೋಗಿತ್ತು. ಬೆಳಿಗ್ಗೆ ಒಂಬತ್ತಕ್ಕೆ ಹುಕ್ಕೇರಿ ತಾಲೂಕಿನ ಒಂದು ಊರಿನ ವಾಡೆಗೆ, ಅಂದರೆ ಜಮೀನುದಾರರ ದೊಡ್ಡ ಮನೆಗೆ, ಹೋದವಳು, ಕಮ್ಮಾರ ಬಂದು ಬೀಗ ಒಡೆಯುವವರೆಗೆ ಪಡಸಾಲೆಯಲ್ಲೇ ಕುಳಿತಿದ್ದೆ. ವಾಡೆಯ ಧಣಿ ನಮ್ಮ ಕಾಲೇಜಿನ ಆಡಳಿತ ಮಂಡಳಿಯ ಸದಸ್ಯರು. ಐವತ್ತರ ಆಸುಪಾಸಿನ, ಮೆಲ್ಲಗೆ ಮಾತಾಡುವ ಮನುಷ್ಯ. ಮನೆಯ ಹಳೆಯ ಬಟ್ಟೆಗಳನ್ನೆಲ್ಲ ಕಾಲೇಜಿಗೆ ಕೊಡುತ್ತೇನೆಂದು ಅವರೇ ಕಾಗದ ಬರೆದು ನನ್ನನ್ನು ಕರೆಸಿಕೊಂಡಿದ್ದರು.

ಗೋಕಾಕದ ಹೆಣ್ಣುಮಕ್ಕಳ ಟ್ರೇನಿಂಗ್ ಕಾಲೇಜಿನಲ್ಲಿ ನಾನು ಆಗ ಶಿವಣ, ಅಂದರೆ ಹೊಲಿಗೆ, ಕಲಿಸುತ್ತಿದ್ದೆ. ಮುಂಬಯಿ ಸರಕಾರ ಹೋಗಿ ಮೈಸೂರು ಸರಕಾರ ಬಂದು ಎರಡು ಮೂರು ವರ್ಷಗಳಾಗಿದ್ದವು. ನಮ್ಮ ಕಡೆ ಕಲಿಸುವ ಹೆಂಗಸರೆಲ್ಲ ಬಾಯಾರು. ನಮ್ಮ ಪ್ರಿನ್ಸಿಪಾಲ ಬಾಯಾರಿಗೆ ಈ ಭಾಗದ ಹಳೆಯ ಉಡುಪುಗಳ ಸಂಗ್ರಹವೊಂದನ್ನು ಕಟ್ಟಬೇಕೆಂಬ ಹಟ. ಊರೂರಿಗೆ ಕಲಿಸಲು ಹೋಗುವ ಹುಡುಗಿಯರಿಗೆ ತಮ್ಮ ಅಜ್ಜಿಯರು ಏನು ಉಡುತ್ತಿದ್ದರು, ಅದನ್ನು ಯಾರು ನೇಯುತ್ತಿದ್ದರು, ಹೇಗೆ ಹೊಲಿಯುತ್ತಿದ್ದರು ಎಂಬುದು ಗೊತ್ತಿರಬೇಕು ಎನ್ನುತ್ತಿದ್ದರು. ಮಾಳಿಗೆಯ ಮೇಲೊಂದು ಖೋಲಿ, ಸಾಗುವಾನಿಯ ಮೂರು ಕಪಾಟು, ಒಂದು ದಪ್ಪ ರಿಜಿಸ್ಟರು: ಅಷ್ಟೇ ನಮ್ಮ ಬಂಡವಾಳ. ಕಪಾಟುಗಳನ್ನು ಕೊಟ್ಟವರೂ ಇದೇ ಧಣಿ. ಮೂಡಲಗಿಯ ವ್ಯಾಪಾರಸ್ಥರ ಮನೆಯಿಂದ ಒಂದು ಉದ್ದನೆಯ ಅಂಗಿ, ನಾಲ್ಕು ಖಣದ ಕುಪ್ಪಸ, ಒಂದು ಕರಿ ಕಂಬಳಿ ಆಗಲೇ ಬಂದಿದ್ದವು.

ಬೀಗ ಒಡೆದ ಮೇಲೆ ಒಂದೊಂದನ್ನೇ ಎತ್ತಿ ಹಾಸಿದ ಧೋತರದ ಮೇಲೆ ಇಟ್ಟೆವು. ಜರತಾರಿಯ ಶಾಲು, ತಲೆಗೆ ಸುತ್ತುವ ಎರಡು ರುಮಾಲು, ಮಕ್ಕಳ ಕುಂಚಿಗೆ, ಧಣಿಯ ಅಜ್ಜಿಯ ಮದುವೆಯ ಸೀರೆ. ಪ್ರತಿಯೊಂದಕ್ಕೂ ಅವರು ಹೆಸರು ಹೇಳಿದರು, ನಾನು ಬರೆದುಕೊಂಡೆ. ತಳದಲ್ಲಿ ಹಳದಿ ಹತ್ತಿದ ಅರಿವೆಯ ಗಂಟೊಂದು ಉಳಿಯಿತು. ಬಿಚ್ಚಿದರೆ ಒಂದು ಸಣ್ಣ ಸೀರೆ. ಬಣ್ಣ ಹಾಕದ ಹತ್ತಿ, ಕೆಂಪು ಅಂಚು, ಮೈತುಂಬ ಭಂಡಾರ, ದೇವಿಗೆ ಎರಚುವ ಅರಿಸಿನದ ಪುಡಿ.

ಅದು ದೇವರ ಸೀರೆ, ಅದನ್ನೂ ಒಯ್ಯಿರಿ ಎಂದರು ಧಣಿ. ತಾವು ನಾಲ್ಕು ವರ್ಷದವರಿದ್ದಾಗ ಜ್ವರ ಬಂದು ಉಳಿಯುವುದಿಲ್ಲವೆಂದಾಗ, ಮಗ ಬದುಕಿದರೆ ಕೇರಿಯ ಒಂದು ಹುಡುಗಿಯನ್ನು ದೇವಿಗೆ ಬಿಡುತ್ತೇವೆಂದು ಅವರ ತಾಯಿ ಹರಕೆ ಹೊತ್ತಿದ್ದರಂತೆ. ಧಣಿ ಬದುಕಿದರು. ಹುಡುಗಿಯನ್ನು ಬಿಟ್ಟರು. ಆ ದಿನ ಅವಳಿಗೆ ಉಡಿಸಿದ ಸೀರೆಯನ್ನು ಹರಕೆ ತೀರಿದ ಗುರುತಿಗೆ ವಾಡೆಯಲ್ಲಿ ಇಟ್ಟುಕೊಂಡಿದ್ದರು. ಇದನ್ನೆಲ್ಲ ಅವರು ಮನೆಯ ಒಂದು ಹಳೆಯ ಸಂಗತಿಯಂತೆ, ಯಾವ ಮುಚ್ಚುಮರೆಯೂ ಇಲ್ಲದೆ ಹೇಳಿದರು. ಹುಡುಗಿ ಯಾರೆಂದು ಕೇಳಿದೆ. ಗೊತ್ತಿಲ್ಲ ಎಂದರು.

ಗೋಕಾಕಕ್ಕೆ ತಂದ ಮೇಲೆ ಕೆಲಸ ಶುರುವಾಯಿತು. ನಮ್ಮ ದೊಡ್ಡ ಶತ್ರು ಬೆಳ್ಳಗೆ ಮಿಂಚುವ ಸಣ್ಣ ಹುಳ. ಅದಕ್ಕೆ ಗಂಜಿ ಎಂದರೆ ಪ್ರಾಣ. ಹೀಗಾಗಿ ಹಳೆಯ ಬಟ್ಟೆಯಲ್ಲಿರುವ ಗಂಜಿಯನ್ನೆಲ್ಲ ಮೊದಲು ತೆಗೆಯಬೇಕು. ಒಂದು ಮೂಲೆಯನ್ನು ಒದ್ದೆ ಮಾಡಿ ಬಿಳಿ ಅರಿವೆ ಒತ್ತಿ, ಬಣ್ಣ ಬಿಡುತ್ತದೆಯೇ ಎಂದು ನೋಡುತ್ತಿದ್ದೆ. ಬಿಡದಿದ್ದರೆ ಅಂಟವಾಳದ ತಣ್ಣೀರು. ಒದ್ದೆಯಾದ ಹಳೆಯ ಹತ್ತಿಗೆ ತನ್ನ ಭಾರವನ್ನೇ ತಾಳುವ ಶಕ್ತಿ ಇರುವುದಿಲ್ಲ, ಎತ್ತಿದರೆ ಹರಿಯುತ್ತದೆ. ಅದಕ್ಕೆ ನುಲಿ ಮಂಚದ ಮೇಲೆ ಮಲಮಲ್ ಹಾಸಿ, ಅದರ ಮೇಲೆ ಬಟ್ಟೆಯನ್ನು ಮಲಗಿಸಿ, ಮೇಲಿನಿಂದ ನೀರು ಹನಿಸುತ್ತಿದ್ದೆವು. ಹಿಂಡುವಂತಿಲ್ಲ. ನೆರಳಲ್ಲೇ ಒಣಗಬೇಕು. ಜರದ ಬಟ್ಟೆಗಳನ್ನು ಮಡಚದೆ ಬಿದಿರಿನ ಗಳಕ್ಕೆ ಸುತ್ತಿಡುತ್ತಿದ್ದೆ, ಮಡಿಕೆಯಲ್ಲಿ ಜರ ಮುರಿಯುತ್ತದೆಂದು.

ವಾಡೆಯ ದೊಡ್ಡ ಬಟ್ಟೆಗಳೆಲ್ಲ ತೊಂದರೆ ಕೊಡದೆ ಸ್ವಚ್ಛವಾದವು. ಈ ಸಣ್ಣ ಸೀರೆ ಮಾತ್ರ ಜಗ್ಗಲಿಲ್ಲ. ಎಣ್ಣೆ, ಧೂಳು, ಭಂಡಾರ ಸೇರಿ ನೂಲು ಬಿರುಸಾಗಿತ್ತು. ಮೂರು ಸಲ ಅಂಟವಾಳ ಹಾಕಿದೆ. ನಾಲ್ಕನೆಯ ಸಲ, ಮಾಡಬಾರದೆಂದು ಗೊತ್ತಿದ್ದೂ, ನೀರಿಗೆ ಒಂದು ಚಿಟಿಕೆ ಸೋಡಾ ಬೆರೆಸಿದೆ. ಕಣ್ಣೆದುರಿಗೇ ಹಳದಿಯೆಲ್ಲ ಕೆಂಪಾಯಿತು. ಮಂಚದ ಕೆಳಗಿನ ಬೋಗುಣಿಯಲ್ಲಿ ಕೆಂಪು ನೀರು ಇಳಿಯತೊಡಗಿತು. ಅರಿಸಿನಕ್ಕೆ ಸುಣ್ಣ ಬಿದ್ದರೆ ಕೆಂಪಾಗುವುದು ಯಾವ ಹೆಂಗಸಿಗೆ ಗೊತ್ತಿಲ್ಲ? ಸೋಡಾ ಬಿದ್ದರೂ ಅಷ್ಟೇ. ಬಕೆಟ್ಟಿಗೆ ಎರಡು ಲಿಂಬಿಹಣ್ಣು ಹಿಂಡಿ, ಆ ನೀರನ್ನು ಹನಿಸುತ್ತ ಕುಳಿತೆ. ಹುಳಿ ತಾಗಿದಂತೆ ಕೆಂಪು ಹಿಂದಕ್ಕೆ ಸರಿದು ಹಳದಿ ಬಂತು. ಆ ಹುಳಿಯನ್ನು ತೆಗೆಯಲು ಮತ್ತೆ ಬರೀ ನೀರು. ಎರಡು ದಿನ ಹಿಡಿಯಿತು. ಅಷ್ಟರಲ್ಲಿ ಮೂರು ಕಡೆ ತೂತು ಬಿದ್ದಿತ್ತು. ತಪ್ಪು ನನ್ನದೇ. ರಿಜಿಸ್ಟರಿನಲ್ಲಿ ಹಾಗೆಯೇ ಬರೆದು, ಹಿಂದಿನಿಂದ ಮಲಮಲ್ ಕೊಟ್ಟು ಒಂಟಿ ಎಳೆಯಿಂದ ಹೊಲಿದೆ.

ಹೊಲಿಯುವಾಗ ಆ ಮಡಿಕೆ ಕೈಗೆ ಹತ್ತಿತು. ಸೀರೆಯ ಅಗಲದ ನಡುಮಧ್ಯೆ, ಈ ತುದಿಯಿಂದ ಆ ತುದಿಯವರೆಗೆ, ನಾಲ್ಕು ಬೆರಳು ಬಟ್ಟೆಯನ್ನು ಒಳಗೆ ಮಡಚಿ ದಾರ ಓಡಿಸಿದ್ದರು. ಮೊದಲು ಹರಿದದ್ದನ್ನು ಮುಚ್ಚಿರಬೇಕು ಎಂದುಕೊಂಡೆ. ಹರಿದಿರಲಿಲ್ಲ. ಆಮೇಲೆ ತಿಳಿಯಿತು: ಉದ್ದ ಏಳು ಮೊಳವೇ ಇದ್ದರೂ ಉಡುವವಳಿಗೆ ಈ ಸೀರೆಯ ಅಗಲ ಹೆಚ್ಚಾಗಿತ್ತು, ನೆಲಕ್ಕೆ ಎಳೆಯದಂತೆ ಗಿಡ್ಡ ಮಾಡಿದ್ದರು. ಟೇಪು ಹಿಡಿದೆ. ಸೊಂಟದಿಂದ ಹಿಮ್ಮಡಿಗೆ ಎರಡು ಫೂಟು. ಸಾಲೆಯ ಮಕ್ಕಳಿಗೆ ಲಂಗ ಹೊಲಿದು ಹೊಲಿದು ನನಗೆ ಆ ಅಳತೆ ಬಾಯಿಪಾಠವಾಗಿತ್ತು. ಏಳು ವರ್ಷ. ಹೆಚ್ಚೆಂದರೆ ಎಂಟು.

ಅಲ್ಲಿಯವರೆಗೆ ಅದು ನನಗೆ ಒಂದು ಹಟಮಾರಿ ಬಟ್ಟೆಯಾಗಿತ್ತು. ಆ ಮಧ್ಯಾಹ್ನ ಅದನ್ನು ಮಂಚದ ಮೇಲೆ ಬಿಟ್ಟು ಕೆಳಗಿಳಿದು ಹೋದೆ. ಮರುದಿನದವರೆಗೆ ಮುಟ್ಟಲಿಲ್ಲ.

ರಿಜಿಸ್ಟರಿನ ಅಂಕಣಗಳನ್ನು ಪ್ರಿನ್ಸಿಪಾಲ ಬಾಯಾರೇ ಗೆರೆ ಎಳೆದು ಮಾಡಿದ್ದರು: ವಸ್ತು, ಬಟ್ಟೆ, ಉದ್ದ, ಎಲ್ಲಿಂದ ಬಂತು, ಯಾರು ಉಟ್ಟದ್ದು. ಅಂಕಣದ ಯಾವ ಮನೆಯನ್ನೂ ಖಾಲಿ ಬಿಡಬಾರದು, ಬರೆದದ್ದನ್ನು ಅಳಿಸಬಾರದು ಎಂಬುದು ಅವರದೇ ನಿಯಮ. ಈ ಸೀರೆಯ ಎದುರು ಕೊನೆಯ ಮನೆ ಖಾಲಿ ಇತ್ತು. ‘ಹರಕೆಯ ಸೀರೆ’ ಎಂದು ಬರೆಯಿರಿ ಎಂದರು ಅವರು. ಅದು ವಸ್ತುವಾಯಿತು, ಉಟ್ಟವರಾಗಲಿಲ್ಲ ಎಂದೆ. ಅವರು ಕನ್ನಡಕ ತೆಗೆದು ಒರೆಸಿದರು. ರವಿವಾರ ಹೋಗಿ ಕೇಳಿಕೊಂಡು ಬನ್ನಿ ಎಂದರು.

ಹುಕ್ಕೇರಿಗೆ ಬಸ್ಸು, ಅಲ್ಲಿಂದ ಇನ್ನೊಂದು, ಆಮೇಲೆ ಎರಡು ಮೈಲು ನಡಿಗೆ. ವಾಡೆಯ ಕಡೆ ಹೋಗದೆ ನೇರವಾಗಿ ಕೇರಿಗೆ ಹೋದೆ. ಬಾವಿಯ ಹತ್ತಿರ ಕೇಳಿದಾಗ ಒಂದು ಮನೆ ತೋರಿಸಿದರು. ಅಂಗಳದಲ್ಲಿ ಸಾಯಿಕಲ್ ಒರೆಸುತ್ತಿದ್ದವರು ಆ ಮನೆಯ ಮಗ, ಯಮಕನಮರಡಿಯ ಸಾಲೆಯಲ್ಲಿ ಮಾಸ್ತರರು. ಎರಡು ವರ್ಷದ ಹಿಂದೆ ಆ ಮನೆಯವರು ಬೌದ್ಧರಾಗಿದ್ದರು. ಬಂದ ಕೆಲಸ ಹೇಳಿದೆ. ಅವರು ಒರೆಸುವುದನ್ನು ನಿಲ್ಲಿಸಲಿಲ್ಲ.

“ಅದನ್ನ ತೊಳದು ಕಪಾಟನ್ಯಾಗ ಯಾಕ ಇಡತೀರಿ ಬಾಯಾರ? ನೋಡಿ ಖುಷಿಪಡೂ ವಸ್ತು ಏನದು? ಸುಟ್ಟಬಿಡ್ರಿ.”

ಹೊರಡಬೇಕೆಂದಿದ್ದೆ. ಅಷ್ಟರಲ್ಲಿ ಬಾಗಿಲ ಒಳಗಿನಿಂದ ಒಂದು ಧ್ವನಿ ಬಂತು.

“ಕೆಂಪ ಅಂಚಿನ ಸೀರಿ ಏನ್ರಿ ಅಕ್ಕಾರ? ನಡುವ ಮಡಚಿ ಹೊಲದೈತೇನು?”

ಮಡಿಕೆಯ ವಿಷಯ ನಾನು ಯಾರಿಗೂ ಹೇಳಿರಲಿಲ್ಲ. ಹೊರಗೆ ಬಂದವರು ಮಾಸ್ತರರ ತಾಯಿ. ಐವತ್ತೈದು ದಾಟಿರಬಹುದು. ಮುಖದ ತುಂಬ ಸಿಡುಬಿನ ಕಲೆ. ನನ್ನನ್ನು ಕಟ್ಟೆಯ ಮೇಲೆ ಕೂರಿಸಿ ತಾವು ಕೆಳಗೆ ಕುಳಿತರು. ನಾನೂ ಕೆಳಗಿಳಿಯಬೇಕೆಂದು ಆ ಹೊತ್ತಿಗೆ ಹೊಳೆಯಲಿಲ್ಲ.

ವಾಡೆಯವರು ಕೇಳಿದ್ದು ತಮ್ಮನ್ನೇ ಎಂದರು ಅವರು. ಆಗ ಅವರಿಗೆ ಹತ್ತು ವರ್ಷ, ತಂಗಿಗೆ ಎಂಟು. ಸೀರೆಯನ್ನೂ ಅವರ ಅಳತೆಗೇ ತಂದಿದ್ದರು. ಒಯ್ಯುವುದಕ್ಕೆ ವಾರವಿರುವಾಗ ಮೈಮೇಲೆ ಗುಳ್ಳೆ ಎದ್ದವು. ಸಿಡುಬು ಬಂದವಳನ್ನು ಬಿಡುವಂತಿಲ್ಲ, ಸಣ್ಣಾಕಿ ಇದ್ದಾಳಲ್ಲ, ಅವಳೇ ಆಗಲಿ ಎಂದು ವಾಡೆಯಿಂದ ಹೇಳಿಕಳಿಸಿದರು. ತಾಯಿ ಆ ಸೀರೆಯನ್ನು ಸಣ್ಣವಳಿಗೆ ಹಿಡಿದು ನೋಡಿ, ನಡುವೆ ಮಡಚಿ ದಾರ ಹಾಕಿದರು. ಜ್ವರದಲ್ಲಿ ಗೋಣಿಯ ಮೇಲೆ ಮಲಗಿದ್ದ ಇವರು ಅದನ್ನು ನೋಡುತ್ತಿದ್ದರು.

“ಅಕಿ ಹೆಸರು ಬಾಳವ್ವ,” ಎಂದರು. “ಹೊಸಾ ಸೀರಿ ಅಂತ ಕುಣದಾಡಿದ್ಳರಿ.”

ತಂಗಿ ದೊಡ್ಡವಳಾದ ಮೇಲಿನದನ್ನು ಅವರು ಹೇಳಲಿಲ್ಲ. ಹದಿನಾಲ್ಕಕ್ಕೆ ಹೆರಿಗೆಯಲ್ಲಿ ಹೋದಳು, ಕೂಸೂ ಉಳಿಯಲಿಲ್ಲ ಎಂದಷ್ಟೇ ಹೇಳಿದರು. ಕೂಸು ಯಾರದೆಂದು ನಾನು ಕೇಳಲಿಲ್ಲ. ಮಾಸ್ತರರು ಗೋಡೆಯ ಕಡೆ ಮುಖ ಮಾಡಿ ನಿಂತಿದ್ದರು. ಇದಕ್ಕೇ ಸುಡಿರಿ ಅನ್ನುತ್ತಿದ್ದೇನೆ ಎಂದು ತಾಯಿಗೆ ಹೇಳಿದರು. ತಾಯಿ ತಲೆ ಅಲ್ಲಾಡಿಸಿದರು.

“ಬ್ಯಾಡ ತಮ್ಮಾ. ಅಕಿ ಇದ್ಳು ಅನ್ನಾಕ ಅದೊಂದ ಉಳದೈತಿ.” ಆಮೇಲೆ ನನ್ನ ಕಡೆ ತಿರುಗಿ, “ಅಲ್ಲಿ ಹೆಸರು ಬರೀತೀರೇನ್ರಿ?” ಎಂದು ಕೇಳಿದರು.

ಬರೆಯುತ್ತೇನೆ ಎಂದೆ. ಕಾಲೇಜಿನಲ್ಲಿ ಈ ಬಟ್ಟೆಗಳ ಪ್ರದರ್ಶನ ಇಡುವವರಿದ್ದೇವೆ, ಅದು ಶುರುವಾದ ಮೇಲೆ ಬಂದು ನೋಡಿ ಎಂದೂ ಹೇಳಿದೆ.

ಮರುದಿನ ರಿಜಿಸ್ಟರಿನ ಖಾಲಿ ಮನೆ ತುಂಬಿದೆ. ಸೀರೆಯ ಮುಂದೆ ಇಡುವ ಚೀಟಿಯನ್ನೂ ಬರೆದೆ: “ಹತ್ತಿಯ ಸೀರೆ, ಏಳು ಮೊಳ. ವಾಡೆಯ ಮನೆತನದ ಹರಕೆಗಾಗಿ ಎಂಟು ವರ್ಷದ ಬಾಳವ್ವನನ್ನು ದೇವಿಗೆ ಬಿಟ್ಟ ದಿನ ಉಡಿಸಿದ್ದು. ಅಕ್ಕನ ಅಳತೆಗೆ ತಂದದ್ದಾದ್ದರಿಂದ ನಡುವೆ ಮಡಚಿ ಹೊಲಿದಿದೆ. ಬಾಳವ್ವ ಹದಿನಾಲ್ಕನೆಯ ವಯಸ್ಸಿನಲ್ಲಿ ಹೆರಿಗೆಯಲ್ಲಿ ತೀರಿಕೊಂಡಳು.”

ಪ್ರಿನ್ಸಿಪಾಲ ಬಾಯಾರು ಅದನ್ನು ಎರಡು ಸಲ ಓದಿದರು. ಇದರಲ್ಲಿ ಸುಳ್ಳೇನೂ ಇಲ್ಲ ಎಂದರು. ಆದರೆ ಎಂಟು ದಿನದಲ್ಲಿ ಉದ್ಘಾಟನೆ, ಅದೂ ಧಣಿಯ ಕೈಯಿಂದ. ರಿಜಿಸ್ಟರಿನಲ್ಲಿ ಇರಲಿ, ಚೀಟಿಯ ಮೇಲೆ ‘ಹರಕೆಯ ಸೀರೆ, ಹುಕ್ಕೇರಿ ತಾಲೂಕು’ ಎಂದಷ್ಟೇ ಇರಲಿ ಎಂದರು. ಅವರು ಹೆದರುವ ಹೆಂಗಸಲ್ಲ. ಆ ಕಾಲೇಜನ್ನು ಬಾಡಿಗೆಯ ಎರಡು ಖೋಲಿಗಳಿಂದ ಬೆಳೆಸಿದವರು. ಆಗಲಿ ಎಂದು ಒಪ್ಪಿಕೊಂಡು ಬಂದು, ಅವರು ಹೇಳಿದ ಚೀಟಿಯನ್ನೂ ಬರೆದಿಟ್ಟೆ.

ಉದ್ಘಾಟನೆಯ ಬೆಳಿಗ್ಗೆ ಚೀಟಿ ಇಡುವ ಕೆಲಸ ನನ್ನದೇ. ಶಾಲು ಧಣಿಯ ತಂದೆಯದು, ಹೆಸರು ಇತ್ತು. ಮದುವೆಯ ಸೀರೆಗೆ ಹೆಸರು. ರುಮಾಲಿಗೆ ಹೆಸರು. ಒಂದು ಕುಂಚಿಗೆಗೆ, ಅದನ್ನು ತೊಟ್ಟು ಆರು ತಿಂಗಳು ಬದುಕಿದ ಕೂಸಿನ ಹೆಸರನ್ನೂ ನಾನೇ ಬರೆದಿದ್ದೆ. ಕೊನೆಯ ಮೇಜಿಗೆ ಬಂದೆ. ಎರಡೂ ಚೀಟಿಗಳು ಕೈಯಲ್ಲಿದ್ದವು. ಉದ್ದನೆಯದನ್ನು ಇಟ್ಟೆ. ಸಣ್ಣದನ್ನು ಹರಿದು ಸೆರಗಿನ ತುದಿಗೆ ಕಟ್ಟಿಕೊಂಡೆ.

ಧಣಿ ಒಂದೊಂದೇ ಮೇಜಿನ ಮುಂದೆ ನಿಂತು, ಜೊತೆಗಿದ್ದ ಶಿಕ್ಷಣಾಧಿಕಾರಿಗೆ ತಮ್ಮ ಹಿರಿಯರ ಬಗ್ಗೆ ಹೇಳುತ್ತ ಬಂದರು. ಕೊನೆಯ ಮೇಜಿನ ಮುಂದೆ ಮಾತು ನಿಂತಿತು. ಬಹಳ ಹೊತ್ತು ಓದಿದರು. ಸಿಟ್ಟು ಮಾಡುತ್ತಾರೆಂದು ನಾನು ಕಾಯುತ್ತಿದ್ದೆ.

“ಈ ಹುಡಿಗಿ ಹೆಸರು ನನಗ ಗೊತ್ತಿರಲಿಲ್ಲ,” ಎಂದರು, ನನಗೊಬ್ಬಳಿಗೇ ಕೇಳುವಂತೆ. ಮುಖ ಬಿಳುಚಿತ್ತು. ಆ ಕ್ಷಣದಲ್ಲಿ ಅವರ ಬಗ್ಗೆ ನನಗೆ ಕನಿಕರ ಬಂತು. ನಾಲ್ಕು ವರ್ಷದ ಕೂಸು ಜ್ವರದಲ್ಲಿ ಬಿದ್ದಿದ್ದಾಗ ತಾಯಿ ಹೊತ್ತ ಹರಕೆ ಅದು. ಆದರೆ ಅವರು ಮುಂದಿನ ಮಾತನ್ನು ಪ್ರಿನ್ಸಿಪಾಲ ಬಾಯಾರ ಖೋಲಿಯಲ್ಲಿ, ಬಾಗಿಲು ಹಾಕಿಕೊಂಡು ಆಡಿದರು.

ಅರ್ಧ ತಾಸಿನ ಮೇಲೆ ನನ್ನನ್ನು ಕರೆದರು. ಧಣಿ ಹೋಗಿಯಾಗಿತ್ತು. ಉಳಿದ ಬಟ್ಟೆಗಳೆಲ್ಲ ಇರುತ್ತವೆ, ಕಪಾಟುಗಳೂ ಇರುತ್ತವೆ; ಆ ಸೀರೆ ಮಾತ್ರ ಇವತ್ತೇ ವಾಪಸು ಹೋಗಬೇಕು ಎಂದರು ಬಾಯಾರು. ಕೊಡಬೇಡಿ, ಕಪಾಟಿನಲ್ಲಿಟ್ಟು ಬೀಗ ಹಾಕಿಬಿಡಿ, ಚೀಟಿ ತೆಗೆಯುತ್ತೇನೆ ಎಂದು ಬೇಡಿಕೊಂಡೆ.

“ಅದನ್ನ ನಾನು ಎಂಟ ದಿವಸದ ಹಿಂದ ನಿಮಗ ಹೇಳಿದ್ದೆ,” ಎಂದರು ಅವರು.

ಅವರ ಚೀಟಿ ಇಟ್ಟಿದ್ದರೆ ಸೀರೆ ಉಳಿಯುತ್ತಿತ್ತು. ಹೆಸರಿಲ್ಲದೆ ಉಳಿಯುತ್ತಿತ್ತು. ಎರಡರಲ್ಲಿ ಒಂದನ್ನು ಆರಿಸಿದವಳು ನಾನು. ಆ ಸೀರೆಯ ಮೇಲೆ ನನಗಿಂತ ಹೆಚ್ಚಿನ ಹಕ್ಕಿದ್ದವರನ್ನು ಕೇಳದೆ ಆರಿಸಿದ್ದೆ. ವಾಪಸು ಕೊಡುವುದೇ ಆದರೆ ವಾಡೆಗಲ್ಲ, ಕೇರಿಯ ಆ ಮನೆಗೆ ಕೊಡಬೇಕಿತ್ತು ಎಂಬ ಯೋಚನೆ ಬಂದದ್ದು ಸಹ ಮೂರು ದಿನದ ಮೇಲೆ. ಆ ಹೊತ್ತಿಗೆ ಬರಲಿಲ್ಲ. ಹೊಸ ಮಲಮಲ್ ತೆಗೆದು, ನನ್ನ ಕೈಯಿಂದಲೇ ಸುತ್ತಿ, ಕೆಳಗೆ ಕಾಯುತ್ತಿದ್ದ ಮೋಟಾರಿನ ಡ್ರೈವರನ ಕೈಗೆ ಕೊಟ್ಟೆ. ರಿಜಿಸ್ಟರಿನಲ್ಲಿ ಕೆಂಪು ಶಾಯಿಯಿಂದ “ವಾಪಸು ಕೊಡಲಾಗಿದೆ” ಎಂದು ಬರೆದು ರುಜು ಹಾಕಿದೆ. ಮೇಲಿನ ಬರಹವನ್ನು ಹೊಡೆದು ಹಾಕಬೇಕೇ ಎಂದು ಕೇಳಿದೆ. ಬರೆದದ್ದನ್ನು ಅಳಿಸುವ ಪದ್ಧತಿ ನಮ್ಮಲ್ಲಿಲ್ಲ ಎಂದರು ಬಾಯಾರು.

ಅದೇ ವಾರ ಧಣಿ ಸಂಕೇಶ್ವರಕ್ಕೆ ಹೋಗಿ ಆ ಗಂಟನ್ನು ಹಿರಣ್ಯಕೇಶಿ ಹೊಳೆಗೆ ಬಿಟ್ಟರೆಂದು ಅವರ ಡ್ರೈವರನೇ ನಮ್ಮ ಕಾಲೇಜಿನ ಶಿಪಾಯಿಗೆ ಹೇಳಿದ.

ಕೇರಿಗೆ ಹೋಗಿ ಆ ತಾಯಿ ಮಗನಿಗೆ ತಿಳಿಸಬೇಕಿತ್ತು. ಇಂದು ನಾಳೆ ಎಂದು ಹದಿನೈದು ದಿನ ದೂಡಿದೆ. ಹದಿನಾರನೆಯ ದಿನ ಅವರೇ ಬಂದರು. ಶಿಪಾಯಿ ಮೇಲೆ ಬಂದು, ಯಾರೋ ಹಳ್ಳಿಯವರು, ಮೆಟ್ಟಿಲ ಹತ್ತಿರ ನಿಂತಿದ್ದಾರೆ ಎಂದ. ಮಾಸ್ತರರು ತೊಳೆದ ಬಿಳಿ ಅಂಗಿ ಹಾಕಿದ್ದರು. ತಾಯಿ ಸೆರಗು ಹೊದ್ದು, ಕಾಲಲ್ಲಿದ್ದುದನ್ನು ಹೊರಗೇ ಬಿಟ್ಟು ನಿಂತಿದ್ದರು. ಮೇಲೆ ಕರೆದುಕೊಂಡು ಹೋದೆ. ಕೊನೆಯ ಮೇಜಿನ ಮೇಲೆ ಮೂಡಲಗಿಯ ಕಂಬಳಿ ಇಟ್ಟಿದ್ದೆವು.

ಏನಾಯಿತೆಂದು ಹೇಳಿದೆ. ನಡುವೆ ಎಲ್ಲೂ ತಡೆಯದೆ, ನನ್ನ ಪಾಲನ್ನೂ ಬಿಡದೆ ಹೇಳಿದೆ. ಸುಟ್ಟುಬಿಡಿ ಎಂದಿದ್ದ ಮಾಸ್ತರರೇ ಮೊದಲು ಸಿಟ್ಟಾದರು. ಅದನ್ನು ಹೊಳೆಗೆ ಬಿಡಲು ಅವರು ಯಾರು, ಅವರ ಕೈಗೆ ಕೊಡಲು ನೀವು ಯಾರು ಎಂದು ಕೇಳಿದರು.

ತಾಯಿ ಕಂಬಳಿಯನ್ನೇ ನೋಡುತ್ತಿದ್ದರು.

“ವಾಡೇದವರು ಅಕಿನ್ನ ಎರಡ ಸಲ ಒಯ್ದ್ರು,” ಎಂದರು. ನನ್ನ ಕಡೆ ತಿರುಗಿ, “ಹೆಸರು ಬರೀತೇನಿ ಅಂದಿದ್ರಿ,” ಎಂದರು.

ಕಪಾಟು ತೆರೆದು ರಿಜಿಸ್ಟರು ತಂದು ಮೇಜಿನ ಮೇಲೆ ಬಿಚ್ಚಿದೆ. ಮಾಸ್ತರರು ಆ ಸಾಲನ್ನು ಗಟ್ಟಿಯಾಗಿ ಓದಿದರು. ಸೋಡಾ ಹಾಕಿ ನಾನು ತೂತು ಮಾಡಿದ್ದನ್ನೂ ಓದಿದರು. ಕೆಂಪು ಶಾಯಿಯನ್ನೂ ಓದಿದರು. ತಾಯಿ ಹೆಸರು ಎಲ್ಲಿದೆ ಎಂದು ಕೇಳಿ, ಮಗ ತೋರಿಸಿದ ಜಾಗದ ಮೇಲೆ ಬೆರಳಿಟ್ಟರು. ಆಮೇಲೆ ಮೇಲಿನ ಸಾಲುಗಳಲ್ಲಿ ಏನಿದೆ ಎಂದರು. ಮಗ ಅವನ್ನೂ ಓದಿದರು. ಇಂಥವರ ಸೊಸೆ, ಇಂಥವರ ಹೆಂಡತಿ, ಇಂಥವರ ಮಗ.

“ಇಕಿ ಯಾರ ಮಗಳು ಅಂತ ಬರದಿಲ್ಲಲ್ರಿ.”

ನಾನು ಕೇಳಿರಲಿಲ್ಲ. ಕೇರಿಯ ಆ ಕಟ್ಟೆಯ ಮೇಲೆ ಒಂದು ತಾಸು ಕುಳಿತು, ಬಟ್ಟೆ ಎಲ್ಲಿಯದು, ದಾರ ಯಾರು ಹಾಕಿದರು ಎಂದೆಲ್ಲ ಕೇಳಿ ಬಂದವಳು, ಆ ದಾರ ಹಾಕಿದ ತಾಯಿಯ ಹೆಸರು ಕೇಳಿರಲಿಲ್ಲ. ಎದುರಿಗೆ ಕುಳಿತು ಹೇಳಿದವರ ಹೆಸರನ್ನೂ ಕೇಳಿರಲಿಲ್ಲ.

ಈಗ ಕೇಳಿದೆ. “ನಮ್ಮವ್ವ ನಿಂಗವ್ವ. ನಾನು ಕಾಶವ್ವ,” ಎಂದರು.

ಅಂಕಣದಲ್ಲಿ ಜಾಗ ಉಳಿದಿರಲಿಲ್ಲ. ಹಾಳೆಯ ಅಂಚಿನಲ್ಲಿ, ಕರಿ ಶಾಯಿಯಿಂದ, “ನಿಂಗವ್ವನ ಮಗಳು, ಕಾಶವ್ವನ ತಂಗಿ” ಎಂದು ಬರೆದು ಮಾಸ್ತರರ ಮುಂದೆ ಹಿಡಿದೆ. ಅವರು ತಾಯಿಗೆ ಓದಿ ಹೇಳಿದರು. ಉಳಿದ ಬಟ್ಟೆಗಳನ್ನು ನೋಡುತ್ತೀರೇನು ಎಂದು ಕೇಳಿದೆ.

“ಬ್ಯಾಡ್ರಿ,” ಎಂದರು ಕಾಶವ್ವ. ಹುಕ್ಕೇರಿಯ ಬಸ್ಸಿಗೆ ಇನ್ನೂ ಹೊತ್ತಿತ್ತು. ಆದರೂ ಇಬ್ಬರೂ ಮೆಟ್ಟಿಲಿಳಿದು ಹೊರಟುಹೋದರು.